ಚಡಾವಿನಲ್ಲಿ ಮೂತಿ ಎತ್ತುವ ಲಾನ್ ಟ್ರ್ಯಾಕ್ಟರ್: ಮುಂದೆ ಭಾರ ಹಾಕುವ ಮೊದಲು ಏನೇನು ನೋಡಬೇಕು

ಮೇ ತಿಂಗಳ ಕೊನೆ. ಮಳೆ ಹಿಡಿಯುವ ಮೊದಲು ಹಟ್ಟಿಗೊಬ್ಬರವನ್ನೆಲ್ಲ ಗುಡ್ಡೆಯ ಮೇಲಿನ ಹೊಸ ಅಡಿಕೆ ತೋಟಕ್ಕೆ ಮುಟ್ಟಿಸಬೇಕಿತ್ತು. ನಮ್ಮದು ಉಡುಪಿಯಿಂದ ಹಿರಿಯಡಕದ ಕಡೆ. ಮನೆ ಕೆಳಗೆ, ತೋಟ ಮೇಲೆ, ನಡುವೆ ಕೆಂಪು ಮುರಮಣ್ಣಿನ ಚಡಾವು. ಗೊಬ್ಬರ ಹೊರಲು ಇದ್ದದ್ದು ಹುಲ್ಲು ಕತ್ತರಿಸುವ ಲಾನ್ ಟ್ರ್ಯಾಕ್ಟರ್, ಸೀಟಿನ ಹಿಂದೆ ಪೆಟ್ಟಿಗೆ ಕೂರಿಸಿದ್ದು. ಚಡಾವಿನ ಮಧ್ಯೆ ಒಂದು ತಿರುವು ಉಂಟು. ಅಲ್ಲಿ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಗಾಡಿ ನೆಟ್ಟಗೆ ಹೋಯಿತು. ಕೈಯಲ್ಲಿ ಸ್ಟಿಯರಿಂಗ್ ಹತ್ತಿಯ ಹಾಗೆ ಹಗುರ. ಬಗ್ಗಿ ನೋಡಿದರೆ ಮುಂದಿನ ಎರಡೂ ಚಕ್ರ ನೆಲದಿಂದ ನಾಲ್ಕು ಬೆರಳು ಮೇಲೆ ತಿರುಗುತ್ತಿದ್ದವು. ಪೆಡಲ್ ಒತ್ತಿ ಎಳೆತ ಬಿಡಿಸಿದ ಕೂಡಲೇ ಮೂತಿ ಧೊಪ್ ಅಂತ ಕೆಳಗೆ ಬಂತು. ಇನ್ನೊಂದು ಅಡಿ ಹೋಗಿದ್ದರೆ ಗಾಡಿ ಹಿಂದಕ್ಕೆ ಮಗುಚಿ ನನ್ನ ಮೇಲೆಯೇ ಬೀಳುತ್ತಿತ್ತು.

ಮುಂದೆ ಎರಡು ಕಲ್ಲು ಕಟ್ಟಿ ಮಾರಾಯ್ರೆ, ಸರಿಯಾಗ್ತದೆ ಅಂತ ಪಕ್ಕದ ತೋಟದ ಅಣ್ಣ ಹೇಳಿದರು. ನಾನೂ ಹಾಗೇ ಮಾಡಿದೆ. ಮನೆ ಕಟ್ಟಿ ಉಳಿದಿದ್ದ ಎರಡು ಮುರಕಲ್ಲುಗಳನ್ನು ಬಂಪರಿಗೆ ಹಗ್ಗದಲ್ಲಿ ಬಿಗಿದೆ. ಮೂತಿ ಏಳುವುದು ನಿಂತಿತು. ಆದರೆ ತಿರುವಿನಲ್ಲಿ ಗಾಡಿ ಆಗಲೂ ಸರಿಯಾಗಿ ತಿರುಗಲಿಲ್ಲ. ಮೂರನೇ ದಿನ ಖಾಲಿ ಪೆಟ್ಟಿಗೆಯಲ್ಲಿ ಇಳಿದು ಬರುವಾಗ ಎಡಗಡೆಯ ಸ್ಪಿಂಡಲ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕಬ್ಬಿಣದ ದಂಡ, ಬಾಗಿ ಚಕ್ರ ಹೊಟ್ಟೆ ಕಡೆಗೆ ಮಡಚಿಕೊಂಡಿತು. ಆಮೇಲೆ ತೂಗಿದಾಗ ಎರಡು ಕಲ್ಲು ಸೇರಿ 52 ಕೆ.ಜಿ. ಇತ್ತು.

ಅಂದಿನಿಂದ ಈ ದೋಷದ ಹಿಂದೆ ಬಿದ್ದು ಒಂದೊಂದೇ ಬಿಚ್ಚಿ ನೋಡಿದ್ದೇನೆ. ಮುಂಭಾಗ ಹಗುರ ಆಗುವುದು ಜ್ವರದ ಹಾಗೆ, ಕಾಯಿಲೆ ಬೇರೆ ಎಲ್ಲೋ ಇರುತ್ತದೆ. ಭಾರ ಹಾಕುವುದು ಕೊನೆಯ ಕೆಲಸ. ಅದಕ್ಕಿಂತ ಮೊದಲು ಗಾಡಿಯನ್ನು ತೂಗಬೇಕು, ಭಾರ ಎಲ್ಲಿಗೆ ಹೋಗಿದೆ ಅಂತ ಕಂಡುಹಿಡಿಯಬೇಕು.

ಗಾಡಿ ಎಂತದ್ದು

ಹುಲ್ಲು ಕತ್ತರಿಸಲು ಮಾಡಿದ ರೈಡಿಂಗ್ ಮೊವರ್ ಇದು. ಎಂಜಿನ್ ಮುಂದೆ, ಬೆಲ್ಟ್‌ನಲ್ಲಿ ಓಡುವ ಗಾಡಿ. ಸೆಕೆಂಡ್ ಹ್ಯಾಂಡ್ ತಗೊಂಡು ಕೆಳಗಿನ ಕತ್ತರಿಸುವ ಡೆಕ್ ತೆಗೆದೆ. ಹಿಂದೆ ದೊಡ್ಡ, ಉಬ್ಬು ಹಲ್ಲಿನ ಟೈರ್ ಹಾಕಿಸಿದೆ. ಕೆಸರಿನಲ್ಲಿ ಒಂದೇ ಚಕ್ರ ತಿರುಗಿ ಸುಮ್ನೆ ನಿಲ್ಲುತ್ತಿದ್ದುದರಿಂದ ಡಿಫರೆನ್ಶಿಯಲ್, ಅಂದರೆ ಹಿಂದಿನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರನ್ನು, ಲಾಕ್ ಮಾಡಿಸಿದೆ. ಸೀಟಿನ ಹಿಂದೆ ಕಬ್ಬಿಣದ ಪೆಟ್ಟಿಗೆ ಕೂರಿಸಿದೆ. ತೋಟದ ಕೆಲಸಕ್ಕೆ ಇದನ್ನು ಮಾರ್ಪಡಿಸುವವರು ಹೆಚ್ಚುಕಡಿಮೆ ಇವೇ ನಾಲ್ಕು ಬದಲಾವಣೆ ಮಾಡುತ್ತಾರೆ. ಈ ನಾಲ್ಕೂ ಮುಂಭಾಗವನ್ನು ಹಗುರ ಮಾಡುತ್ತವೆ, ಇಲ್ಲವೇ ಹಗುರ ಆದದ್ದನ್ನು ಎತ್ತಿ ತೋರಿಸುತ್ತವೆ.

ಡೆಕ್ ತೆಗೆದಾಗ ನಲವತ್ತು ಕೆ.ಜಿ. ಮೇಲಿನ ಭಾರ ಹೋಯಿತು. ಅದು ನೆಲಕ್ಕೆ ಹತ್ತಿರ ಇದ್ದ ಭಾರ, ಗಾಡಿಯನ್ನು ಕೆಳಗೆ ಹಿಡಿದಿದ್ದ ಭಾರ. ದೊಡ್ಡ ಟೈರ್ ಹಾಕಿದಾಗ ಹಿಂಭಾಗ ಎತ್ತರ ಆಯಿತು. ಚಕ್ರ ದೊಡ್ಡದಾದ ಕಾರಣ ಒಂದೇ ಗೇರಿನಲ್ಲಿ ವೇಗವೂ ಜಾಸ್ತಿ ಆಯಿತು. ಪೆಟ್ಟಿಗೆಯ ಭಾರ ಹಿಂದಿನ ಆಕ್ಸಲ್‌ಗಿಂತ, ಅಂದರೆ ಚಕ್ರಗಳ ಅಚ್ಚಿಗಿಂತ, ಹಿಂದೆ ಬಿತ್ತು. ಲಾಕ್ ಮಾಡಿದ ಡಿಫರೆನ್ಶಿಯಲ್ ಎರಡೂ ಹಿಂದಿನ ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಹಾಗಾಗಿ ತಿರುವಿನಲ್ಲೂ ಗಾಡಿಯನ್ನು ನೆಟ್ಟಗೆ ದೂಡುತ್ತದೆ.

ಮಣ್ಣಿನಲ್ಲಿ ಬಿದ್ದ ಗುರುತು

ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿಯಿಂದ ಇಳಿದು ನೆಲ ನೋಡಿ. ಒಂದು ಮಳೆ ಬಿದ್ದು ಮಣ್ಣು ಸ್ವಲ್ಪ ಮೆತ್ತಗಾದ ದಿನ ಇದಕ್ಕೆ ಒಳ್ಳೆಯದು. ಗಾಡಿಯನ್ನು ಮೂರು ಸಲ ಓಡಿಸಿ. ಮೊದಲು ಅಂಗಳದ ಸಮತಟ್ಟಿನಲ್ಲಿ ಖಾಲಿ ಪೆಟ್ಟಿಗೆಯೊಂದಿಗೆ, ಆಮೇಲೆ ಅಲ್ಲೇ ಲೋಡ್ ಹಾಕಿ, ಕೊನೆಗೆ ಅರ್ಧ ಲೋಡಿನಲ್ಲಿ ಸಣ್ಣ ಏರಿನಲ್ಲಿ. ಪ್ರತಿ ಸಲ ಒಂದೇ ತಿರುವು ತೆಗೆದುಕೊಳ್ಳಿ. ಆಮೇಲೆ ಮುಂದಿನ ಚಕ್ರದ ಗುರುತಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ನೋಡಿ.

ಟೈರಿನ ಗೆರೆಗಳು ಮಣ್ಣಿನಲ್ಲಿ ಒಂದೊಂದಾಗಿ ಅಚ್ಚೊತ್ತಿದ ಹಾಗೆ ಬಿದ್ದಿದ್ದರೆ ಚಕ್ರ ಸರಿಯಾಗಿ ಉರುಳಿದೆ ಅಂತ ಅರ್ಥ. ಗೆರೆಗಳು ಒಂದು ಬದಿಗೆ ಎಳೆದು ಹೋಗಿ, ಹೊರಗಿನ ಅಂಚಿನಲ್ಲಿ ಮಣ್ಣು ಸಣ್ಣ ದಿಣ್ಣೆಯ ಹಾಗೆ ರಾಶಿ ಬಿದ್ದಿದ್ದರೆ ಚಕ್ರ ನೆಲದಲ್ಲೇ ಇದ್ದು ಜಾರಿದೆ. ಗುರುತು ಮೆಲ್ಲಗೆ ತೆಳ್ಳಗಾಗಿ, ಒಂದು ಕಡೆ ಪೂರ್ತಿ ಇಲ್ಲದೆ ಹೋಗಿ, ಮತ್ತೆ ಒಂದೆರಡು ಅಡಿ ಆಚೆ ಗುಂಡಿಯಾಗಿ ಶುರುವಾಗಿದ್ದರೆ ಚಕ್ರ ಎದ್ದಿದೆ.

ಜಾರುವುದು ಬೇರೆ, ಏಳುವುದು ಬೇರೆ. ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ ಥರ ಅನಿಸುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗಲಿಲ್ಲ ಅಂತ. ನಾನು ಮೊದಲು ತಪ್ಪಿದ್ದು ಇಲ್ಲೇ. ನನ್ನ ಗಾಡಿ ಚಡಾವಿನಲ್ಲಿ ಏಳುತ್ತಿತ್ತು, ಸಮತಟ್ಟಿನಲ್ಲಿ ಜಾರುತ್ತಿತ್ತು. ಎರಡು ದೋಷ, ಎರಡು ಕಾರಣ. ಕಲ್ಲು ಕಟ್ಟಿದ್ದು ಒಂದಕ್ಕೆ ಮಾತ್ರ ಮದ್ದಾಯಿತು.

ಸಮತಟ್ಟಿನಲ್ಲಿ, ಖಾಲಿ ಪೆಟ್ಟಿಗೆಯಲ್ಲಿ ಗಾಡಿ ತಿರುಗದಿದ್ದರೆ ಭಾರದ ಮಾತನ್ನು ಸದ್ಯಕ್ಕೆ ಬಿಡಿ. ಸ್ಟಿಯರಿಂಗ್, ಟೈರ್, ಡಿಫರೆನ್ಶಿಯಲ್ ನೋಡಿ. ಲೋಡ್ ಹಾಕಿದಾಗ ಮಾತ್ರ ತೊಂದರೆ ಬಂದರೆ ಪೆಟ್ಟಿಗೆಯ ಜಾಗ ನೋಡಿ. ನಿಂತ ಗಾಡಿ ಹೊರಡುವ ಹೊತ್ತಿಗೆ ಮಾತ್ರ ಮೂತಿ ಹಾರಿದರೆ ಅದು ಕ್ಲಚ್ಚಿನ ವಿಷಯ. ಬೆಲ್ಟ್ ಗಾಡಿಗಳಲ್ಲಿ ಪೆಡಲನ್ನು ಒಮ್ಮೆಗೇ ಬಿಟ್ಟರೆ ಸ್ಪ್ರಿಂಗ್ ಬೆಲ್ಟನ್ನು ಗಬಕ್ಕನೆ ಬಿಗಿಯುತ್ತದೆ. ವೇಗಕ್ಕೆ ಅಂತ ಪುಲ್ಲಿ ಬದಲಾಯಿಸಿದ್ದರೆ, ಅಥವಾ ಪೆಡಲಿನ ಸಂಧಿಗಳು ತುಕ್ಕು ಹಿಡಿದು ನಿಧಾನಕ್ಕೆ ಬಿಡಲು ಆಗದಿದ್ದರೆ ಇದು ಜಾಸ್ತಿ. ಸಂಧಿಗೆ ಎಣ್ಣೆ, ಸಣ್ಣ ಗೇರ್, ನಿಧಾನದ ಕಾಲು. ಇದಕ್ಕೆ ಇಷ್ಟು ಸಾಕು.

ಸ್ಟಿಯರಿಂಗ್ ಮತ್ತು ಟೈರ್

ಒಬ್ಬರು ಸೀಟಿನಲ್ಲಿ ಕೂತು ಸ್ಟಿಯರಿಂಗನ್ನು ಮೆಲ್ಲಗೆ ಆಚೆ ಈಚೆ ಅಲ್ಲಾಡಿಸಲಿ. ಇನ್ನೊಬ್ಬರು ಮುಂದೆ ಬಗ್ಗಿ ಒಂದೊಂದೇ ಸಂಧಿಗೆ ಬೆರಳು ಇಟ್ಟು ನೋಡಲಿ. ಕೆಳಗಿನ ಹಲ್ಲಿನ ಗೇರ್, ಚಕ್ರಗಳನ್ನು ತಿರುಗಿಸುವ ಸರಳು, ಅಂದರೆ ಟೈ ರಾಡ್‌ನ ಎರಡು ತುದಿ, ಸ್ಪಿಂಡಲ್ ಕೂತಿರುವ ಕೊಳವೆಯಂಥ ಬುಶ್, ಆಕ್ಸಲ್ ನಡುವಿನ ಪಿವಟ್ ಬೋಲ್ಟ್. ಪ್ಲೇ, ಅಂದರೆ ಸಡಿಲ, ಇರುವ ಜಾಗ ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಟಕ್ ಟಕ್ ಅಂತ ತಾಗುತ್ತದೆ.

ನನ್ನ ಗಾಡಿಯಲ್ಲಿ ಎಡಗಡೆಯ ಬುಶ್ ಬಿಚ್ಚಿದಾಗ ಅದರ ತೂತು ಗುಂಡಗಿರಲಿಲ್ಲ, ಕೋಳಿಮೊಟ್ಟೆಯ ಹಾಗೆ ಉದ್ದವಾಗಿತ್ತು. ಒಳಗೆ ಗ್ರೀಸ್ ಹೆಸರಿಗೂ ಇಲ್ಲ. ಕೆಂಪು ಮಣ್ಣು ಮತ್ತು ತುಕ್ಕು ಸೇರಿ ಅರೆದ ಮದ್ದಿನ ಹಾಗೆ ಆಗಿತ್ತು. ಮುರಮಣ್ಣಿನ ಧೂಳು ಮರಳು ಕಾಗದದ ಹಾಗೆ ಉಜ್ಜುತ್ತದೆ. ಈ ಮೊಟ್ಟೆಯಾಕಾರದ ತೂತಿನ ಮೇಲೆ ನಾನು 52 ಕೆ.ಜಿ. ಕಲ್ಲು ನೇತುಹಾಕಿದ್ದೆ. ಸ್ಪಿಂಡಲ್ ಬಾಗದೆ ಏನು ಮಾಡೀತು! ಲೇತ್‌ನವರ ಹತ್ತಿರ ಹಿತ್ತಾಳೆ ಬುಶ್ ತಿರುಗಿಸಿ ಹಾಕಿಸಿದೆ, ಗ್ರೀಸ್ ನಿಪ್ಪಲ್ ಕೂರಿಸಿದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗ್ರೀಸ್ ಹೊಡೆಯುತ್ತೇನೆ, ಹಳೆಯ ಕೆಂಪು ಗ್ರೀಸ್ ಹೊರಗೆ ಬರುವ ತನಕ.

ಟೈರಿನ ಗಾಳಿಯನ್ನು ಪೆಟ್ರೋಲ್ ಪಂಪಿನ ಗೇಜ್ ನಂಬಿ ಹಾಕಬೇಡಿ. ಈ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ 14 ಪಿ.ಎಸ್.ಐ. ಆಸುಪಾಸು, ಹಿಂದೆ 10ರ ಆಸುಪಾಸು ಗಾಳಿ ಇರುತ್ತದೆ. ಟೈರಿನ ಬದಿಯಲ್ಲಿ ಬರೆದ ಮಿತಿಯೇ ಕೊನೆಯ ಮಾತು. ಕಾರಿಗೆ ಹಾಕುವ ಹಾಗೆ 30 ತುಂಬಿದರೆ ಮುಂದಿನ ಟೈರ್ ಚೆಂಡಿನಂತೆ ಉಬ್ಬಿ, ನಡುವಿನ ಒಂದು ಪಟ್ಟಿ ಮಾತ್ರ ನೆಲಕ್ಕೆ ತಾಗುತ್ತದೆ. ಟೈರ್ ಒಡೆಯುವ ಅಪಾಯ ಬೇರೆ. ಹುಲ್ಲುಹಾಸಿಗೆ ಮಾಡಿದ ನುಣ್ಣನೆಯ ಮುಂದಿನ ಟೈರ್ ಕೆಸರಿನಲ್ಲಿ ಎಷ್ಟು ಭಾರ ಹಾಕಿದರೂ ಜಾರುತ್ತದೆ. ಉದ್ದುದ್ದ ಗೆರೆಯ, ಅಂದರೆ ದೊಡ್ಡ ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೆ ಇರುವ ಥರದ ರಿಬ್ ಟೈರ್ ಹಾಕಿದಾಗ ನನ್ನ ಸಮತಟ್ಟಿನ ಜಾರುವಿಕೆ ಬಹುಪಾಲು ಹೋಯಿತು. ಒಂದು ಗ್ರಾಂ ಭಾರ ಹಾಕದೆ.

ಉಳಿದದ್ದು ಲಾಕ್ ಆದ ಡಿಫರೆನ್ಶಿಯಲ್. ಅದನ್ನು ಇಟ್ಟುಕೊಂಡರೆ ತಿರುವು ದೊಡ್ಡದಾಗಿ ತೆಗೆದುಕೊಳ್ಳಲೇಬೇಕು. ಒಣಗಿದ ಗಟ್ಟಿ ನೆಲದಲ್ಲಿ ಅದು ಆಕ್ಸಲ್‌ಗೂ ಒಳ್ಳೆಯದಲ್ಲ. ನನ್ನ ಅಭಿಪ್ರಾಯದಲ್ಲಿ, ಕೆಸರಿನ ಕೆಲಸ ವರ್ಷಕ್ಕೆ ಹತ್ತು ದಿನ ಮಾತ್ರ ಇದ್ದರೆ ಲಾಕ್ ಮಾಡಿಸದೆ ಇರುವುದೇ ವಾಸಿ.

ತೂಗುವುದು

ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ನಮ್ಮ ಊರಿನಲ್ಲಿ ಸಿಗದ ವಸ್ತುವಲ್ಲ. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಒಂದು ಮುಂದಿನ ಚಕ್ರವನ್ನು ತಕ್ಕಡಿ ಮೇಲೆ ಹತ್ತಿಸಿ. ಉಳಿದ ಮೂರೂ ಚಕ್ರದ ಕೆಳಗೆ ತಕ್ಕಡಿಯಷ್ಟೇ ಎತ್ತರದ ಹಲಗೆ ಇಡಿ. ಇಲ್ಲದಿದ್ದರೆ ಗಾಡಿ ಓರೆಯಾಗಿ ಲೆಕ್ಕ ತಪ್ಪುತ್ತದೆ. ಎಡ, ಬಲ ತೂಗಿ ಕೂಡಿಸಿದರೆ ಮುಂದಿನ ಆಕ್ಸಲ್‌ನ ಭಾರ. ಹಿಂದೆಯೂ ಹಾಗೇ. ಓಡಿಸುವವರು ಸೀಟಿನಲ್ಲಿ ಕೂತಿರಬೇಕು.

ನನ್ನ ಗಾಡಿ, ನನ್ನನ್ನು ಸೇರಿಸಿ, ಪೆಟ್ಟಿಗೆ ಇಲ್ಲದೆ 256 ಕೆ.ಜಿ. ಅದರಲ್ಲಿ ಮುಂದೆ 87. ಅಂದರೆ ನೂರಕ್ಕೆ 34 ಪಾಲು ಮುಂದೆ. ಇದು ಒಳ್ಳೆಯ ಲೆಕ್ಕ. ಎರಡು ಚಕ್ರದ ಎಳೆತದ ಟ್ರ್ಯಾಕ್ಟರುಗಳಿಗೆ ಮುಂದೆ 25ರಿಂದ 35 ಪಾಲು ಇರಬೇಕು ಅಂತ ಹೇಳುತ್ತಾರೆ. 20ಕ್ಕಿಂತ ಕೆಳಗೆ ಹೋದರೆ ಸ್ಟಿಯರಿಂಗ್ ನಂಬುವ ಹಾಗಿಲ್ಲ.

ಪೆಟ್ಟಿಗೆ 25 ಕೆ.ಜಿ., ಗೊಬ್ಬರ 80 ಕೆ.ಜಿ., ಒಟ್ಟು 105. ಪೆಟ್ಟಿಗೆಯ ನಡು ಹಿಂದಿನ ಆಕ್ಸಲ್‌ಗಿಂತ 45 ಸೆಂ.ಮೀ. ಹಿಂದೆ ಇತ್ತು. ಎರಡು ಆಕ್ಸಲ್‌ಗಳ ನಡುವಿನ ದೂರ 120 ಸೆಂ.ಮೀ. ಮಕ್ಕಳು ಆಡುವ ಏತದ ಹಲಗೆಯ ಲೆಕ್ಕವೇ ಇದು. 105ನ್ನು 45ರಿಂದ ಗುಣಿಸಿ 120ರಿಂದ ಭಾಗಿಸಿದರೆ ಸುಮಾರು 39. ಅಷ್ಟು ಭಾರವನ್ನು ಪೆಟ್ಟಿಗೆ ಮುಂದಿನಿಂದ ಎತ್ತಿಬಿಟ್ಟಿತು. ಮುಂದೆ ಉಳಿದದ್ದು 48. ಒಟ್ಟು ಭಾರ ಈಗ 361. ನೂರಕ್ಕೆ 13 ಪಾಲು.

ಇದು ಸಮತಟ್ಟಿನ ಮಾತು. ಏರಿನಲ್ಲಿ ಇನ್ನೂ ಕಡಿಮೆ ಆಗುತ್ತದೆ. ನಮ್ಮ ಚಡಾವನ್ನು ಒಂದು ಮೀಟರ್ ಹಲಗೆ ಮತ್ತು ನೀರುಮಟ್ಟ ಇಟ್ಟು ಅಳೆದೆ. ಒಂದು ಮೀಟರಿಗೆ 27 ಸೆಂ.ಮೀ. ಏರು, ಅಂದರೆ 15 ಡಿಗ್ರಿ. ಭಾರದ ನಡು ನೆಲದಿಂದ 60 ಸೆಂ.ಮೀ. ಎತ್ತರದಲ್ಲಿ ಉಂಟು ಅಂತ ಇಟ್ಟುಕೊಂಡರೆ, 15 ಡಿಗ್ರಿಯಲ್ಲಿ ಸುಮಾರು 47 ಕೆ.ಜಿ. ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಇದ್ದದ್ದೇ 48. ಮುಂದೆ ಏನೂ ಉಳಿಯಲಿಲ್ಲ! ಅದರ ಮೇಲೆ ಎಂಜಿನ್ನಿನ ಎಳೆತ ಸೇರಿತು. ಮೂತಿ ಎದ್ದದ್ದು ಅದಕ್ಕೇ. ಈ ಲೆಕ್ಕ ಕಾಗದದ ಮೇಲೆ ಬಂದ ಹೊತ್ತಿಗೆ ನನಗೆ ಕೈ ತಣ್ಣಗಾಯಿತು. ಆ ಚಡಾವಿನಲ್ಲಿ ನಾನು ಹಾಗೇ ನಾಲ್ಕು ಲೋಡ್ ಏರಿಸಿದ್ದೆ.

ಹೆಚ್ಚಿನ ರೈಡಿಂಗ್ ಮೊವರ್‌ಗಳ ಪುಸ್ತಕದಲ್ಲಿ 15 ಡಿಗ್ರಿಗಿಂತ ಜಾಸ್ತಿ ಇಳಿಜಾರಿನಲ್ಲಿ ಓಡಿಸಬೇಡಿ ಅಂತ ಬರೆದಿರುತ್ತದೆ. ಅದು ಕೂಡ ಮಾರ್ಪಡಿಸದ ಗಾಡಿಗೆ ಹೇಳಿದ ಮಾತು. ನಿಮ್ಮ ದಾರಿ ಅದಕ್ಕಿಂತ ಕಡಿದಾಗಿದ್ದರೆ ಭಾರ ಹಾಕಿ ಏರಿಸಲು ಹೋಗಬೇಡಿ, ದಾರಿಯನ್ನು ಸುತ್ತಿಸಿ ತನ್ನಿ.

ಹಿಂದಿನದ್ದನ್ನು ಮುಂದೆ ತನ್ನಿ

ಪೆಟ್ಟಿಗೆಯನ್ನು 20 ಸೆಂ.ಮೀ. ಮುಂದೆ ಸರಿಸಿದೆ. ಸೀಟಿನ ಬೆನ್ನಿಗೆ ತಾಗುವ ಹಾಗೆ ಆಯಿತು, ಸೀಟನ್ನು ಎರಡು ತೂತು ಮುಂದೆ ಹಾಕಿಕೊಂಡೆ. ಈಗ ಪೆಟ್ಟಿಗೆ ಮುಂದಿನಿಂದ ಎತ್ತುವ ಭಾರ 39ರಿಂದ 22ಕ್ಕೆ ಇಳಿಯಿತು. ಸುಮ್ನೆ ಹದಿನೇಳು ಕೆ.ಜಿ. ಲಾಭ. ವೆಲ್ಡಿಂಗ್‌ನವರಿಗೆ ಅರ್ಧ ದಿನದ ಕೆಲಸ. ಗೊಬ್ಬರ ತುಂಬುವಾಗಲೂ ಮುಂದಿನ ಗೋಡೆಗೆ ಒತ್ತಿ ತುಂಬಬೇಕು, ಹಿಂದಿನ ಬಾಗಿಲ ಕಡೆ ರಾಶಿ ಹಾಕಬಾರದು. ಅಡಿಕೆ ಸೋಗೆ, ಹಾಳೆ ಹೇರುವಾಗ ಇದು ಇನ್ನೂ ಮುಖ್ಯ. ತೂಕ ಕಡಿಮೆ ಇದ್ದರೂ ಉದ್ದ ಹಿಂದಕ್ಕೆ ಚಾಚುತ್ತದೆ.

ಪೆಟ್ಟಿಗೆಯ ಬದಲು ಟ್ರೇಲರ್ ಎಳೆಯುವವರು ಕೊಂಡಿಯ ಎತ್ತರ ನೋಡಿ. ಕೊಂಡಿ ಹಿಂದಿನ ಆಕ್ಸಲ್‌ಗಿಂತ ಕೆಳಗೆ ಇರಲೇಬೇಕು. ಟೈರ್ ದೊಡ್ಡದು ಮಾಡಿದಾಗ, ಗಾಡಿ ಎತ್ತರಿಸಿದಾಗ ಕೊಂಡಿಯೂ ಮೇಲೆ ಬಂದಿರುತ್ತದೆ, ಯಾರೂ ಅದನ್ನು ಗಮನಿಸುವುದಿಲ್ಲ. ಸೀಟಿನ ಹತ್ತಿರದ ಕಂಬಕ್ಕೋ ಪೆಟ್ಟಿಗೆಯ ಚೌಕಟ್ಟಿಗೋ ಹಗ್ಗ ಕಟ್ಟಿ ಮರದ ದಿಮ್ಮಿ ಎಳೆಯುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ದಿಮ್ಮಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಗಾಡಿ ಹಿಂದಕ್ಕೆ ಮಗುಚಲು ಕ್ಷಣ ಸಾಕು, ಪೆಡಲ್ ಒತ್ತಲೂ ಸಮಯ ಸಿಗುವುದಿಲ್ಲ.

ಇನ್ನು ಭಾರ

ಇಷ್ಟಾದ ಮೇಲೂ ನನ್ನ ಗಾಡಿಯಲ್ಲಿ ಲೋಡ್ ಹಾಕಿದಾಗ ಮುಂದೆ 65 ಕೆ.ಜಿ. ಇತ್ತು. ನೂರಕ್ಕೆ 18. ಆದ್ದರಿಂದ ಭಾರ ಬೇಕಿತ್ತು, ಆದರೆ 52 ಅಲ್ಲ, 20 ಸಾಕಾಯಿತು. ಮುಂದಿನ ಆಕ್ಸಲ್‌ಗಿಂತ 40 ಸೆಂ.ಮೀ. ಮುಂದೆ 20 ಕೆ.ಜಿ. ಇಟ್ಟರೆ ಮುಂದಿನ ಚಕ್ರಕ್ಕೆ ಬೀಳುವುದು ಸುಮಾರು 27. ಹೆಚ್ಚಿನ ಏಳು ಕೆ.ಜಿ. ಹಿಂದಿನ ಚಕ್ರದಿಂದ ಬಂದದ್ದು. ಇದನ್ನು ಮರೆಯಬಾರದು. ಈ ಗಾಡಿಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಖಾಲಿ ಪೆಟ್ಟಿಗೆಯಲ್ಲಿ, ಪಾಚಿ ಹಿಡಿದ ಇಳಿಜಾರಿನಲ್ಲಿ ಬರುವಾಗ ಹಿಂದಿನ ಒಂದೊಂದು ಕೆ.ಜಿ.ಯೂ ಬೇಕು. ಹಾಗಾಗಿ ಮುಂದಿನ ಭಾರ ತೆಗೆದು ಹಾಕುವ ಹಾಗೆ ಇರಬೇಕು. ಖಾಯಂ ಬೆಸುಗೆ ಬೇಡ.

ಏನನ್ನು ಹಾಕುವುದು? ಮುರಕಲ್ಲು ಬೇಡ. ನೀರು ಕುಡಿದು ತೂಕ ಬದಲಾಗುತ್ತದೆ, ಅಲುಗಾಟಕ್ಕೆ ಉದುರುತ್ತದೆ. ಮರಳಿನ ಚೀಲ ಎರಡು ಮಳೆಗೆ ಹರಿಯುತ್ತದೆ, ಆ ಮರಳು ಕಡಲ ಬದಿಯದ್ದಾದರೆ ಉಪ್ಪು ಚಾಸಿಯನ್ನು, ಅಂದರೆ ಗಾಡಿಯ ಚೌಕಟ್ಟನ್ನು, ತಿನ್ನುತ್ತದೆ. ಕಾಂಕ್ರೀಟ್ ಒಳ್ಳೆಯದು, ಖರ್ಚೂ ಕಡಿಮೆ. ಲೀಟರಿಗೆ ಹತ್ತಿರ ಹತ್ತಿರ 2.4 ಕೆ.ಜಿ. ತೂಗುತ್ತದೆ, ಎಂಟು ಲೀಟರ್ ಹಿಡಿಯುವ ಅಚ್ಚಿನಲ್ಲಿ ಎರಕ ಹೊಯ್ದರೆ 19 ಕೆ.ಜಿ. ಬೋಲ್ಟುಗಳನ್ನು ಒಳಗೇ ಕೂರಿಸಿ, ಒದ್ದೆ ಗೋಣಿ ಹೊದಿಸಿ ಕನಿಷ್ಠ ಏಳು ದಿನ ಇಡಿ. ಕಬ್ಬಿಣದ ಪ್ಲೇಟ್ ಇನ್ನೂ ಅಡಕ. 25 ಸೆಂ.ಮೀ. ಉದ್ದ, ಅಷ್ಟೇ ಅಗಲ, 4 ಸೆಂ.ಮೀ. ದಪ್ಪದ ತುಂಡು ಇಪ್ಪತ್ತು ಕೆ.ಜಿ.ಗೆ ಸ್ವಲ್ಪ ಕಡಿಮೆ. ಬಲೆಗೆ ಕಟ್ಟುವ ಸೀಸ ಮಲ್ಪೆ ಕಡೆ ಸಿಗುತ್ತದೆ ಅಂತ ಅದನ್ನು ಮನೆಯಲ್ಲಿ ಕರಗಿಸಲು ಹೋಗಬೇಡಿ, ಅದರ ಹೊಗೆ ವಿಷ. ಗುಜರಿಯಲ್ಲಿ ರೈಲು ಹಳಿಯ ತುಂಡು ಕಂಡರೆ ಆಸೆ ಆಗುವುದು ಸಹಜ, ಮೀಟರಿಗೆ 60 ಕೆ.ಜಿ. ತೂಗುವ ಹಳಿ ಉಂಟು. ಆದರೆ ರೈಲ್ವೆಯ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆ ಪ್ರಕಾರ ಅಪರಾಧ. ಬಿಲ್ ಇಲ್ಲದ ತುಂಡು ಮನೆಗೆ ತರಬೇಡಿ.

ನಾನು ಹಾಕಿದ್ದು ಜಿಮ್ಮಿನ ಹಳೆಯ ಎರಕದ ಕಬ್ಬಿಣದ ಬಿಲ್ಲೆಗಳನ್ನು. ಒಂದೊಂದು 5 ಕೆ.ಜಿ.ಯ ನಾಲ್ಕು ಬಿಲ್ಲೆ. ದಪ್ಪ ಸರಳಿಗೆ ಪೋಣಿಸಿ, ತುದಿಗೆ ಅಡ್ಡ ಪಿನ್. ಎರಡು ಬಿಲ್ಲೆಗಳ ನಡುವೆ ಲಾರಿ ಟ್ಯೂಬಿನಿಂದ ಕತ್ತರಿಸಿದ ರಬ್ಬರ್. ಅದಿಲ್ಲದಿದ್ದರೆ ಗಂಟೆ ಬಾರಿಸಿದ ಹಾಗೆ ಸದ್ದು ಬರುತ್ತದೆ, ಸರಳೂ ಸವೆಯುತ್ತದೆ. ಐದೈದು ಕೆ.ಜಿ. ಹಾಕುತ್ತಾ ಪರೀಕ್ಷೆ ಮಾಡಬಹುದು ಎನ್ನುವುದೇ ಇದರ ದೊಡ್ಡ ಗುಣ. ಹತ್ತರಲ್ಲಿ ಓಡಿಸಿ ಗುರುತು ನೋಡಿದೆ, ಹದಿನೈದರಲ್ಲಿ ನೋಡಿದೆ. ಇಪ್ಪತ್ತಕ್ಕೆ ಚಡಾವಿನ ತಿರುವಿನಲ್ಲಿ ಟೈರಿನ ಗೆರೆ ಮೊದಲಿನಿಂದ ಕೊನೆ ತನಕ ಕಡಿಯದೆ ಬಿದ್ದಿತ್ತು. ತೂಗಿದರೆ ಸಮತಟ್ಟಿನಲ್ಲಿ ಮುಂದೆ 92, ಅಂದರೆ ನೂರಕ್ಕೆ 24. 15 ಡಿಗ್ರಿ ಏರಿನಲ್ಲೂ ಲೆಕ್ಕದ ಪ್ರಕಾರ ಮುಂದೆ ನಲವತ್ತರ ಹತ್ತಿರ ಉಳಿಯುತ್ತದೆ.

ಕೂರಿಸುವ ರೀತಿ ತೂಕದಷ್ಟೇ ಮುಖ್ಯ. ಲಾನ್ ಟ್ರ್ಯಾಕ್ಟರಿನ ಚಾಸಿ ಮಡಚಿದ ತೆಳು ತಗಡು. ಮುಂದಿನ ತುದಿಗೆ ಎರಡು ಬೋಲ್ಟ್ ಹಾಕಿ ಭಾರ ನೇತುಹಾಕಿದರೆ ಒಂದು ತಿಂಗಳಲ್ಲಿ ತೂತು ಹರಿಯುತ್ತದೆ. ಎರಡೂ ಬದಿಗೆ ಆಂಗಲ್ ಕೊಟ್ಟು, ಅದು ಮುಂದಿನ ಆಕ್ಸಲ್ ದಾಟಿ ಹಿಂದೆ ಹೋಗುವ ತನಕ ಚಾಸಿಗೆ ಹಿಡಿದಿರಬೇಕು. ಬದಿಗೆ ನಾಲ್ಕರಂತೆ ಬೋಲ್ಟ್, 8.8 ಗ್ರೇಡಿನದ್ದು, ಅಂದರೆ ಗಟ್ಟಿ ಉಕ್ಕಿನದ್ದು, ಜೊತೆಗೆ ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್. ಆಕ್ಸಲ್‌ಗೇ ಬೆಸುಗೆ ಹಾಕಬೇಡಿ, ಅದು ಓಲಾಡಬೇಕಾದ ವಸ್ತು. ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಬಿಚ್ಚಿಡಿ. ಭಾರ ಆದಷ್ಟು ಕೆಳಗಿರಲಿ, ಆದರೆ ದಾರಿಯ ಕಲ್ಲಿಗೆ ತಾಗುವಷ್ಟು ಅಲ್ಲ. ಹಲವು ಗಾಡಿಗಳಲ್ಲಿ ಸೈಲೆನ್ಸರ್ ಮೂತಿಯ ಹತ್ತಿರವೇ ಇರುತ್ತದೆ. ಅದರ ಗಾಳಿ ಮುಚ್ಚುವ ಹಾಗೆ ಭಾರ ಇಟ್ಟರೆ ಎಂಜಿನ್ ಕಾಯುತ್ತದೆ. ಬೇಸಿಗೆಯಲ್ಲಿ ಆ ಸಂದಿಯಲ್ಲಿ ಒಣ ದರಗು ಸಿಕ್ಕಿಹಾಕಿಕೊಂಡರೆ ಬೆಂಕಿ ಹಿಡಿಯಬಹುದು. ಒಂದು ಗೇಣು ಜಾಗ ಬಿಡಿ, ದಿನಾ ಕೈ ಹಾಕಿ ಕಸ ತೆಗೆಯಿರಿ.

ಸ್ಪಿಂಡಲ್ ಸಣ್ಣದಾಗಿದ್ದು ಭಯ ಇದ್ದವರಿಗೆ ಇನ್ನೊಂದು ದಾರಿ ಉಂಟು. ಮುಂದಿನ ಟೈರಿಗೆ ನೀರು ತುಂಬುವುದು. ಆ ಭಾರ ಸ್ಪಿಂಡಲ್ ಮೇಲೆ, ಬುಶ್ ಮೇಲೆ ಕೂರುವುದಿಲ್ಲ, ಚಕ್ರದಿಂದ ನೇರ ನೆಲಕ್ಕೆ. ಟ್ಯೂಬ್ ಹಾಕಿಸಿ, ವಾಲ್ವ್ ಮೇಲೆ ಬರುವ ಹಾಗೆ ಚಕ್ರ ತಿರುಗಿಸಿ, ವಾಲ್ವಿನ ಮಟ್ಟದ ತನಕ ತುಂಬಿ ಆಮೇಲೆ ಗಾಳಿ. ನನ್ನ ಟೈರಿನಂಥ ಸಣ್ಣ ಚಕ್ರಕ್ಕೆ ಆರು ಲೀಟರ್ ಹಿಡಿಯುತ್ತದೆ, ಎರಡಕ್ಕೆ ಹನ್ನೆರಡು ಕೆ.ಜಿ. ಚಳಿ ದೇಶದವರು ನೀರು ಹೆಪ್ಪುಗಟ್ಟದಿರಲು ಅದಕ್ಕೆ ಬೇರೆ ಬೇರೆ ದ್ರವ ಸೇರಿಸುತ್ತಾರೆ. ನಮ್ಮಲ್ಲಿ ಆ ಚಿಂತೆ ಇಲ್ಲ. ಕಡಲ ಬದಿಯ ಉಪ್ಪು ಬಾವಿಯ ನೀರು ಮಾತ್ರ ಬೇಡ. ಸ್ಟಿಯರಿಂಗ್ ಸ್ವಲ್ಪ ಗಟ್ಟಿಯಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಹಾಕಿದ ಮೇಲೆ

ಮೊದಲ ಐದು ಗಂಟೆ ಓಡಿಸಿದ ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ಬಿಗಿಯಿರಿ. ಮುಂದಿನ ಎರಡು ಚಕ್ರವನ್ನು ಎದುರಿನಿಂದ ನೋಡಿ, ಮೇಲ್ಭಾಗ ಒಳಗೋ ಹೊರಗೋ ವಾಲಿದ್ದರೆ ಸ್ಪಿಂಡಲ್ ಬಾಗಲು ಶುರುವಾಗಿದೆ. ಕೂಡಲೇ ಭಾರ ಇಳಿಸಿ.

ಸ್ಪಿಂಡಲ್ ಬೆಸುಗೆಯ ಹತ್ತಿರ ಬಿರುಕು ಉಂಟಾ ಅಂತ ತಿಳಿಯಲು ಗ್ಯಾರೇಜಿನ ಹಳೆಯ ಉಪಾಯ ಒಂದಿದೆ. ಜಾಗವನ್ನು ತಂತಿ ಬ್ರಶ್ಶಿನಲ್ಲಿ ಚೆನ್ನಾಗಿ ಉಜ್ಜಿ. ಡೀಸೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಬಟ್ಟೆಯಲ್ಲಿ ಪೂರ್ತಿ ಒರೆಸಿ ಒಣಗಿಸಿ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಕಾಯಿರಿ. ಬಿರುಕು ಇದ್ದರೆ ಅದರೊಳಗೆ ಇಳಿದಿದ್ದ ಡೀಸೆಲ್ ಮೆಲ್ಲಗೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಬಲಗಡೆಯ ಸ್ಪಿಂಡಲ್ ಹೊರನೋಟಕ್ಕೆ ಚೆನ್ನಾಗಿಯೇ ಇತ್ತು. ಪುಡಿ ಹಾಕಿ ಹತ್ತು ನಿಮಿಷಕ್ಕೆ ಬೆಸುಗೆಯ ಅಂಚಿನಲ್ಲಿ ಉಗುರಿನಷ್ಟು ಉದ್ದದ ಗೆರೆ ಎದ್ದು ಬಂತು. ಕಲ್ಲು ಕಟ್ಟಿ ಓಡಿಸಿದ ಮೂರು ದಿನದ ಪೆಟ್ಟು ಅದು. ಎರಡೂ ಬದಿಗೆ ಹೊಸ ಸ್ಪಿಂಡಲ್ ಮಾಡಿಸಿದೆ.

ಈಗ ಗೊಬ್ಬರ ಏರಿಸುವ ದಿನ ನಾಲ್ಕು ಬಿಲ್ಲೆ ಹಾಕುತ್ತೇನೆ. ಕೊನೆಯ ಲೋಡ್ ಮುಗಿದ ಮೇಲೆ ತೋಟದ ತುದಿಯಲ್ಲೇ ಪಿನ್ ಎಳೆದು, ಬಿಲ್ಲೆಗಳನ್ನು ಪೆಟ್ಟಿಗೆಯೊಳಗೆ ಸೀಟಿನ ಬದಿಗೆ ಹಾಕಿ, ಭಾರ ಹಿಂದಿನ ಚಕ್ರದ ಮೇಲೆ ಕೂರಿಸಿಕೊಂಡು ಇಳಿದು ಬರುತ್ತೇನೆ.